ಒಂದೇ ಪಕ್ಷ, ಎರಡು ಗುಂಪು, ಮನೆ ತುಂಬ ಜಗಳ

ಹೋದ ಸಂಚಿಕೆಯಲ್ಲಿ ಒಬ್ಬರು ಅಮೆರಿಕದ ಪ್ರೈಮರಿ ಚುನಾವಣೆ ಅಂದರೇನು ಎಂದು ಕೇಳಿದ್ದರು. ಪಕ್ಷದ ಟಿಕೆಟ್ ಯಾರಿಗೆ ಎಂದು ಮುಖ್ಯ ಚುನಾವಣೆಗೆ ಮುಂಚೆ ಜನ ಓಟು ಹಾಕಿ ತೀರ್ಮಾನಿಸೋದೇ ಪ್ರೈಮರಿ ಎಂದು ನಾಲ್ಕು ಸಾಲಿನ ಉತ್ತರ ಕೊಟ್ಟು ಮುಂದೆ ಹೋಗಿದ್ದೆ. ಅದು ಯಾರಿಗೂ ಸಾಕಾಗಿಲ್ಲ ಅಂತ ಕಾಣುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಕಡೆಯಿಂದ ಬಂದ ಪತ್ರಗಳಲ್ಲಿ ಅರ್ಧ ಅಮೆರಿಕದ್ದು, ಇನ್ನರ್ಧ ನಮ್ಮಲ್ಲಿನ ಟಿಕೆಟ್ ಜಗಳದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದಾರೆ. ಊರು ಸಣ್ಣದು, ನಾಳೆ ಬೆಳಿಗ್ಗೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಮುಖ ನೋಡಬೇಕಲ್ವಾ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಪಕ್ಷದ ಅಭ್ಯರ್ಥಿಯನ್ನು ಜನರೇ ಓಟು ಹಾಕಿ ಆರಿಸುತ್ತಾರೆ ಎಂದು ಬರೆದಿದ್ದೀರಿ. ಜನ ಅಂದರೆ ಯಾರು? ಪಕ್ಷದ ಸದಸ್ಯರಾ, ಊರಿನ ಎಲ್ಲರಾ? ಹಾಗಾದರೆ ಅಲ್ಲಿ ಹೈಕಮಾಂಡಿಗೆ ಏನು ಕೆಲಸ?
– ನಿವೃತ್ತ ಮೇಷ್ಟ್ರು, ಸಾಗರ

ಮೇಷ್ಟ್ರೇ, ಇದಕ್ಕೆ ಒಂದೇ ಉತ್ತರ ಇಲ್ಲ, ಯಾಕೆಂದರೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ನ್ಯೂಯಾರ್ಕಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ ತಾನು ಯಾವ ಪಕ್ಷದವನು ಎಂದು ಬರೆಸಿಕೊಂಡಿರಬೇಕು. ಡೆಮಾಕ್ರಟಿಕ್ ಎಂದು ಬರೆಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಓಟು. ವಿಸ್ಕಾನ್ಸಿನ್‌ನಲ್ಲಿ ಆ ಕಟ್ಟುಪಾಡಿಲ್ಲ. ಯಾರು ಬೇಕಾದರೂ ಬಂದು ಡೆಮಾಕ್ರಟಿಕ್, ರಿಪಬ್ಲಿಕನ್ ಎರಡರಲ್ಲಿ ಒಂದು ಪಕ್ಷದ ಪ್ರೈಮರಿಗೆ ಓಟು ಹಾಕಬಹುದು. ಚಂದಾ ಕಟ್ಟಿ ರಸೀದಿ ತಗೊಂಡು ಸದಸ್ಯನಾಗುವ ಪದ್ಧತಿ ಎರಡೂ ಕಡೆ ಇಲ್ಲ.

ಹೈಕಮಾಂಡ್ ಅಲ್ಲಿಯೂ ಇತ್ತು. 1968ರವರೆಗೂ ಜೋರಾಗಿಯೇ ಇತ್ತು. ಆ ವರ್ಷ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧೆಯನ್ನೇ ಮಾಡಿರಲಿಲ್ಲ. ಪಕ್ಷದ ದೊಡ್ಡವರು ಕೂತು ಅವರನ್ನು ಒಪ್ಪಿದರು. ವಿಯೆಟ್ನಾಂ ಯುದ್ಧ ಬೇಡ ಎನ್ನುತ್ತಿದ್ದ ಹುಡುಗರಿಗೆ ಇದು ಸಹಿಸಲಿಲ್ಲ. ಷಿಕಾಗೋದಲ್ಲಿ ಪಕ್ಷದ ಸಮಾವೇಶ ನಡೆಯುವಾಗ ಬೀದಿಯಲ್ಲಿ ಲಾಠಿ, ಅಶ್ರುವಾಯು. ಹಂಫ್ರಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಎದುರು ಸೋತರು. ಆಮೇಲೆ ಪಕ್ಷ ಒಂದು ಸಮಿತಿ ಮಾಡಿ ನಿಯಮ ಬದಲಾಯಿಸಿತು, 1972ರಿಂದ ಪ್ರೈಮರಿಗಳೇ ಮುಖ್ಯವಾದವು. ಅಂದರೆ ಹೈಕಮಾಂಡ್ ಒಳ್ಳೆ ಮನಸ್ಸು ಮಾಡಿ ಅಧಿಕಾರ ಬಿಟ್ಟುಕೊಟ್ಟಿದ್ದಲ್ಲ. ಸೋತ ಮೇಲೆ ಬಿಟ್ಟಿದ್ದು.

ಪ್ರಶ್ನೆ: ಮಗ-ಸೊಸೆ ಅಮೆರಿಕದಲ್ಲಿದ್ದಾರೆ. ಒಬಾಮಾ-ಹಿಲರಿ ಸ್ಪರ್ಧೆಯ ವರ್ಷ ಅವರಿಬ್ಬರ ನಡುವೆ ಎಂಥಾ ಜಗಳ ಅಂದರೆ, ಭಾನುವಾರ ಫೋನ್ ಮಾಡಿದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಎದ್ದು ಹೋಗುತ್ತಿದ್ದರು. ಮಗ ಒಬಾಮಾ ಕಡೆ, ಸೊಸೆ ಹಿಲರಿ ಕಡೆ. ಈಗಲೂ ಊರಿಗೆ ಬಂದಾಗ ಮಾತು ಆ ಕಡೆ ಹೊರಳಿದರೆ ಸೊಸೆ ಮುಖ ಬಿಗಿ ಮಾಡಿಕೊಳ್ಳುತ್ತಾಳೆ. ಇಬ್ಬರದೂ ಒಂದೇ ಪಕ್ಷ ಅಲ್ವಾ? ಆಗ ಇಬ್ಬರಿಗೂ ಅಲ್ಲಿ ಓಟು ಕೂಡ ಇರಲಿಲ್ಲ!
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಅಮ್ಮಾ, ಓಟಿಲ್ಲದವರ ಜಗಳವೇ ಜಾಸ್ತಿ ಜೋರು. ಓಟು ಇದ್ದವನು ಹಾಕಿ ಬಂದು ಸುಮ್ಮನಾಗುತ್ತಾನೆ. ಇಲ್ಲದವನಿಗೆ ಬಾಯಿ ಒಂದೇ ದಾರಿ. ನಿಮ್ಮ ಮಗ-ಸೊಸೆ ಆಗ ಎಚ್-1ಬಿ ವೀಸಾದಲ್ಲಿದ್ದರೆ ಪ್ರಚಾರಕ್ಕೆ ದುಡ್ಡು ಕೊಡುವ ಹಾಗೂ ಇರಲಿಲ್ಲ. ದೇಣಿಗೆ ಕೊಡಬಹುದಾದವರು ಅಲ್ಲಿನ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇದ್ದವರು ಮಾತ್ರ. ಗ್ರೀನ್ ಕಾರ್ಡಿನವರಿಗೂ ಓಟಿಲ್ಲ.

ಇನ್ನು ಒಂದೇ ಪಕ್ಷದವರು ಯಾಕೆ ಹಾಗೆ ಕಚ್ಚಾಡಿದರು ಅನ್ನುವುದು. ದಾಯಾದಿಗಳ ಜಗಳ ಪರವೂರಿನವರ ಜಗಳಕ್ಕಿಂತ ಕೆಟ್ಟದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎದುರು ಪಕ್ಷದವನ ಜೊತೆ ವಾದ ಮಾಡುವಾಗ ವಿಷಯ ಇರುತ್ತೆ: ತೆರಿಗೆ, ಯುದ್ಧ, ವಿಮೆ. ಒಂದೇ ಪಕ್ಷದವರ ನಡುವೆ ವಿಷಯದಲ್ಲಿ ಅಂತರ ಕಮ್ಮಿ, ಹಾಗಾಗಿ ವಾದ ಬೇಗ ವ್ಯಕ್ತಿಯ ಮೇಲೆ ಬರುತ್ತೆ. ನಿಮ್ಮವನಿಗೆ ಅನುಭವ ಇಲ್ಲ, ನಿಮ್ಮವಳು ನಂಬಿಕೆಗೆ ಅರ್ಹಳಲ್ಲ, ಹೀಗೆ. ಅಲ್ಲಿಂದ ಒಂದು ಹೆಜ್ಜೆ ಹಾಕಿದರೆ ಅಭ್ಯರ್ಥಿಯನ್ನು ಬಿಟ್ಟು ವಾದ ಮಾಡುವವನ ಬುದ್ಧಿಯ ಮೇಲೇ ಬರುತ್ತೆ. ಗಂಡ-ಹೆಂಡತಿ ನಡುವೆ ಆ ಹೆಜ್ಜೆ ಹಾಕೋದು ಎಷ್ಟು ಹೊತ್ತಿನ ಕೆಲಸ ಹೇಳಿ.

2008ರಲ್ಲಿ ಆ ಇಬ್ಬರ ನಡುವೆ ದೊಡ್ಡ ವ್ಯತ್ಯಾಸ ಇದ್ದಿದ್ದು ಇರಾಕ್ ವಿಷಯದಲ್ಲಿ. 2002ರಲ್ಲಿ ಸೆನೆಟ್‌ನಲ್ಲಿ ಹಿಲರಿ ಯುದ್ಧಕ್ಕೆ ಅನುಮತಿ ಕೊಡುವ ಪರವಾಗಿ ಓಟು ಹಾಕಿದ್ದರು. ಒಬಾಮಾ ಆಗ ಇನ್ನೂ ಇಲಿನಾಯ್ ರಾಜ್ಯದ ಶಾಸಕ, ಆ ಯುದ್ಧ ಬೇಡ ಎಂದು ಭಾಷಣ ಮಾಡಿದ್ದರು. ಅದು ಬಿಟ್ಟರೆ ತಿಂಗಳುಗಟ್ಟಲೆ ಜಗ್ಗಾಡಿದ್ದು ಆರೋಗ್ಯ ವಿಮೆಯ ಒಂದು ಅಂಶದ ಮೇಲೆ. ವಿಮೆ ಎಲ್ಲರಿಗೂ ಕಡ್ಡಾಯ ಇರಬೇಕು ಎಂದು ಹಿಲರಿ, ಮಕ್ಕಳಿಗೆ ಮಾತ್ರ ಕಡ್ಡಾಯ ಸಾಕು ಎಂದು ಒಬಾಮಾ. ಇದರ ಮೇಲೆ ಎಷ್ಟು ಚರ್ಚೆಗಳು, ಎಷ್ಟು ಕರಪತ್ರ! ಕೊನೆಗೆ 2010ರಲ್ಲಿ ಒಬಾಮಾ ಸಹಿ ಹಾಕಿದ ಕಾನೂನಿನಲ್ಲಿ ಏನಿತ್ತು? ದೊಡ್ಡವರಿಗೂ ಕಡ್ಡಾಯವೇ ಇತ್ತು. ನಿಮ್ಮ ಸೊಸೆ ಇದನ್ನು ಮಗನಿಗೆ ಹೇಳಿರದಿದ್ದರೆ ಮುಂದಿನ ಸಲ ಊರಿಗೆ ಬಂದಾಗ ಹೇಳಲಿ, ಆದರೆ ಊಟ ಮುಗಿದ ಮೇಲೆ.

ಜಗಳ ಹತ್ತಿಕೊಳ್ಳೋಕೆ ಇನ್ನೂ ಒಂದು ಕಾರಣ ಇತ್ತು. ಒಂದು ಕಡೆ ಒಬ್ಬ ಕಪ್ಪು ಮನುಷ್ಯ ಮೊದಲ ಸಲ ಅಧ್ಯಕ್ಷ ಆಗುವ ಹತ್ತಿರ ಬಂದಿದ್ದಾನೆ. ಇನ್ನೊಂದು ಕಡೆ ಒಬ್ಬ ಹೆಂಗಸು. ಎರಡೂ ಕಡೆಯವರಿಗೆ ಇದು ತಮ್ಮ ಸರದಿ, ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ ಅನ್ನುವ ಭಾವನೆ. ನ್ಯೂ ಹ್ಯಾಂಪ್‌ಷೈರ್‌ನ ಒಂದು ಸಭೆಯಲ್ಲಿ ಹಿಲರಿ ಮಾತಾಡುವಾಗ ಯಾರೋ ಎದ್ದು 'ನನ್ನ ಅಂಗಿ ಇಸ್ತ್ರಿ ಮಾಡು' ಎಂದು ಕೂಗಿದರು. ಅದನ್ನು ಟಿವಿಯಲ್ಲಿ ನೋಡಿದ ಹೆಂಗಸರಿಗೆ ಹೇಗಾಗಿರಬೇಡ? ಸೌತ್ ಕ್ಯಾರೊಲೈನಾದಲ್ಲಿ ಒಬಾಮಾ ಗೆದ್ದಾಗ, ಹಿಂದೆ ಜೆಸ್ಸಿ ಜಾಕ್ಸನ್ (ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟು ಸೋತಿದ್ದ ಕಪ್ಪು ನಾಯಕ) ಕೂಡ ಇಲ್ಲಿ ಗೆದ್ದಿದ್ದರು ಎಂದು ಹಿಲರಿಯ ಗಂಡ ಬಿಲ್ ಕ್ಲಿಂಟನ್ ಅಂದುಬಿಟ್ಟರು. ಕಪ್ಪು ಮತದಾರರಿಗೆ ಅದು ಚುಚ್ಚಿತು. ಇಂಥ ಮಾತು ಒಂದು ಬಿದ್ದರೆ ಸಾಕು, ನೂರು ಜನ ಅದನ್ನೇ ಹಿಡಿದು ಎಳೆದಾಡುತ್ತಾರೆ.

ಪಕ್ಷದ ಸಮಾವೇಶದಲ್ಲಿ ಕೊನೆಗೆ ಅಭ್ಯರ್ಥಿಯನ್ನು ಆರಿಸೋದು ರಾಜ್ಯಗಳಿಂದ ಬರುವ ಪ್ರತಿನಿಧಿಗಳು. ಒಬಾಮಾ ಬೇಕಾದಷ್ಟು ಪ್ರತಿನಿಧಿಗಳನ್ನು ಗಳಿಸಿದ್ದು ಜೂನ್ 3ಕ್ಕೆ. ಜೂನ್ 7ಕ್ಕೆ ಹಿಲರಿ ಸೋಲು ಒಪ್ಪಿಕೊಂಡು ಅವರಿಗೆ ಬೆಂಬಲ ಘೋಷಿಸಿದರು. ಬೆಂಬಲಿಗರಲ್ಲಿ ಕೆಲವರು ಒಪ್ಪಲಿಲ್ಲ. ಬೇಕಾದರೆ ಎದುರು ಪಕ್ಷದ ಮೆಕೇನ್‌ಗೆ ಓಟು ಹಾಕುತ್ತೇವೆ, ಈ ಒಬಾಮಾಗೆ ಹಾಕಲ್ಲ ಎಂದು ಗುಂಪು ಕಟ್ಟಿಕೊಂಡರು. ಆಗಸ್ಟ್ ಕೊನೆಯಲ್ಲಿ ಡೆನ್ವರ್‌ನಲ್ಲಿ ಪಕ್ಷದ ಸಮಾವೇಶ. ಒಂದೊಂದೇ ರಾಜ್ಯದ ಹೆಸರು ಕೂಗಿ ಓಟಿನ ಲೆಕ್ಕ ತಗೊಳ್ಳುತ್ತಿದ್ದರು. ನ್ಯೂಯಾರ್ಕಿನ ಸರದಿ ಬಂದಾಗ ಹಿಲರಿ ತಾವೇ ಮೈಕ್ ಹಿಡಿದು, ಎಣಿಕೆ ಇಲ್ಲಿಗೆ ನಿಲ್ಲಿಸಿ, ಒಬಾಮಾ ಅವರನ್ನು ಎಲ್ಲರೂ ಒಟ್ಟಾಗಿ ಆರಿಸೋಣ ಎಂದರು. ನವೆಂಬರ್‌ನಲ್ಲಿ ಅವರ ಬೆಂಬಲಿಗರಲ್ಲಿ ಬಹುಪಾಲು ಜನ ಒಬಾಮಾಗೇ ಓಟು ಹಾಕಿದರು. ಹಿಲರಿ ಅದೇ ಸರಕಾರದಲ್ಲಿ ವಿದೇಶಾಂಗ ಸಚಿವೆ ಆದರು. ಅವರಿಬ್ಬರು ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡಿದರು, ನಿಮ್ಮ ಮನೆಯಲ್ಲಿ ಮಾತ್ರ ಇನ್ನೂ ಮುಗಿದಿಲ್ಲ ನೋಡಿ.

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಪ್ರೈಮರಿಯಲ್ಲಿ ಓಟು ಜಾಸ್ತಿ ತಗೊಂಡವರೂ ಸೋಲಬಹುದು ಅಂತ ಗೆಳೆಯ ಹೇಳುತ್ತಾನೆ. ಅದು ಹೇಗೆ ಸಾಧ್ಯ?
– ವಿದ್ಯಾರ್ಥಿ, ವಿನೋಬನಗರ, ಶಿವಮೊಗ್ಗ

ಗೆಳೆಯ ಹೇಳಿದ್ದು ಸರಿ. ಅಲ್ಲಿ ಲೆಕ್ಕ ಹಿಡಿಯುವುದು ಓಟನ್ನಲ್ಲ, ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳನ್ನು. 2008ರಲ್ಲಿ ಕೊನೆಗೆ ಗೆಲ್ಲಲು ಬೇಕಾಗಿದ್ದು 2,118. ಡೆಮಾಕ್ರಟಿಕ್ ಪಕ್ಷದಲ್ಲಿ ಗೆದ್ದವನಿಗೆ ಎಲ್ಲಾ ಪ್ರತಿನಿಧಿಗಳೂ ಸಿಗಲ್ಲ. 15 ಶೇಕಡಾ ದಾಟಿದವರೆಲ್ಲ ತಮ್ಮ ಓಟಿನ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. ಅದೂ ಬಹಳ ಮಟ್ಟಿಗೆ ಜಿಲ್ಲಾವಾರು ಲೆಕ್ಕದಲ್ಲಿ. ದೊಡ್ಡ ರಾಜ್ಯವನ್ನು ಸ್ವಲ್ಪ ಅಂತರದಲ್ಲಿ ಗೆದ್ದರೆ ಕೈಗೆ ಬರೋದು ನಾಲ್ಕಾರು ಪ್ರತಿನಿಧಿಗಳ ಲಾಭ ಅಷ್ಟೇ. ಹೆಸರೂ ಕೇಳಿರದ ಸಣ್ಣ ರಾಜ್ಯದಲ್ಲಿ ಭಾರೀ ಅಂತರದಿಂದ ಗೆದ್ದರೆ ಅಷ್ಟೇ ಲಾಭ. ಒಬಾಮಾ ಕಡೆಯವರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡಿದ್ದರು. ಹಿಲರಿ ಕಡೆಯವರು ದೊಡ್ಡ ರಾಜ್ಯಗಳ ಹಿಂದೆ ಬಿದ್ದರು.

ಟೆಕ್ಸಾಸ್ ನೋಡು ತಮ್ಮಾ. ಮಾರ್ಚ್ 4ಕ್ಕೆ ಅಲ್ಲಿ ಹಗಲು ಹೊತ್ತು ಪ್ರೈಮರಿ, ಮತಗಟ್ಟೆ ಮುಚ್ಚಿದ ಮೇಲೆ ಅದೇ ಸಂಜೆ ಸಭೆ ಸೇರಿ ಇನ್ನೊಂದು ಸುತ್ತು. ಪ್ರೈಮರಿ ಗೆದ್ದವರು ಹಿಲರಿ. ಟಿವಿಯಲ್ಲಿ ಹಿಲರಿ ಗೆಲುವು ಎಂದೇ ಬಂತು. ಸಂಜೆಯ ಸಭೆಗಳಲ್ಲಿ ಒಬಾಮಾ ಕಡೆ ಜನ ಜಾಸ್ತಿ. ಎರಡೂ ಕೂಡಿಸಿದರೆ ಒಬಾಮಾಗೆ 99 ಪ್ರತಿನಿಧಿಗಳು, ಹಿಲರಿಗೆ 94. ಬೆಂಬಲಿಗರು ಹೊಡೆದಾಡದೆ ಇನ್ನೇನು ಮಾಡುತ್ತಾರೆ?

ಇದರ ಮೇಲೆ ಮಿಷಿಗನ್ ಮತ್ತು ಫ್ಲಾರಿಡಾ ಗಲಾಟೆ. ಪಕ್ಷ ಹೇಳಿದ ದಿನಕ್ಕಿಂತ ಮುಂಚೆಯೇ ಪ್ರೈಮರಿ ಇಟ್ಟುಕೊಂಡರು ಎಂದು ಆ ಎರಡು ರಾಜ್ಯಗಳ ಪ್ರತಿನಿಧಿಗಳನ್ನು ಪಕ್ಷ ರದ್ದು ಮಾಡಿತ್ತು. ಮಿಷಿಗನ್ ಚೀಟಿಯಲ್ಲಿ ಒಬಾಮಾ ಹೆಸರೇ ಇರಲಿಲ್ಲ, ಅವರು ಹಿಂದೆ ತೆಗೆದುಕೊಂಡಿದ್ದರು. ಸ್ಪರ್ಧೆ ಬಿಗಿಯಾದಾಗ, ಅಲ್ಲಿ ಬಿದ್ದ ಓಟನ್ನೂ ಎಣಿಸಿ ಎಂದು ಹಿಲರಿ ಕಡೆಯವರ ಪಟ್ಟು. ಮೇ 31ಕ್ಕೆ ಪಕ್ಷದ ಸಮಿತಿ ಸೇರಿ, ಪ್ರತಿನಿಧಿಗಳನ್ನು ಸೇರಿಸಿಕೊಳ್ಳುತ್ತೇವೆ, ಆದರೆ ಒಬ್ಬೊಬ್ಬರಿಗೆ ಅರ್ಧ ಓಟು ಎಂದು ತೀರ್ಮಾನ ಮಾಡಿತು. ಒಟ್ಟು ಓಟು ಯಾರಿಗೆ ಜಾಸ್ತಿ ಅನ್ನೋದಕ್ಕೆ ಇವತ್ತಿಗೂ ಎರಡು ಉತ್ತರ ಇರೋದು ಇದರಿಂದಲೇ. ಮಿಷಿಗನ್ ಸೇರಿಸಿದರೆ ಒಂದು, ಬಿಟ್ಟರೆ ಇನ್ನೊಂದು.

ಸೂಪರ್ ಡೆಲಿಗೇಟ್ ಎಂಬ ಹೆಸರು ಕೇಳಿರುತ್ತೀಯ. ಪಕ್ಷದ ಸಂಸದರು, ರಾಜ್ಯಪಾಲರು, ಪದಾಧಿಕಾರಿಗಳು. ಅಲ್ಲಿ ರಾಜ್ಯಪಾಲರು ಜನರಿಂದ ಆರಿಸಿ ಬರುತ್ತಾರೆ, ನಮ್ಮ ಹಾಗಲ್ಲ. ಪ್ರೈಮರಿಯಲ್ಲಿ ಯಾರು ಗೆದ್ದಿದ್ದರೂ ಸಮಾವೇಶದಲ್ಲಿ ಇವರು ಯಾರಿಗೆ ಬೇಕಾದರೂ ಓಟು ಹಾಕಬಹುದಿತ್ತು. 2016ರಲ್ಲಿ ಪ್ರೈಮರಿಗಳಲ್ಲಿ ಹಿಲರಿ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಬೆಂಬಲಿಗರು ಇದರ ಮೇಲೆ ದೊಡ್ಡ ಗಲಾಟೆ ಮಾಡಿದರು, 2018ರಲ್ಲಿ ನಿಯಮ ಬದಲಾಯಿತು. ಸ್ಪರ್ಧೆ ಬಿಗಿಯಾಗಿದ್ದರೆ ಈಗ ಮೊದಲ ಸುತ್ತಿನಲ್ಲಿ ಅವರ ಓಟು ಲೆಕ್ಕಕ್ಕಿಲ್ಲ.

ಪ್ರಶ್ನೆ: ಅಯೋವಾದಲ್ಲಿ ಓಟು ಹಾಕೋದೇ ಇಲ್ಲವಂತೆ, ಎದ್ದು ನಿಲ್ಲುತ್ತಾರಂತೆ. ನಿಜವಾ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

2020ರವರೆಗೆ ಡೆಮಾಕ್ರಟಿಕ್ ಪಕ್ಷದವರು ಹಾಗೇ ಮಾಡುತ್ತಿದ್ದರು. ಅದಕ್ಕೆ ಕಾಕಸ್ ಎನ್ನುತ್ತಾರೆ. ಚಳಿಗಾಲದ ಸಂಜೆ, ಹೊರಗೆ ಹಿಮ. ಶಾಲೆಯ ಆಟದ ಹಾಲ್ ಅಥವಾ ಚರ್ಚಿನ ಸಭಾಂಗಣಕ್ಕೆ ಆ ಬಡಾವಣೆಯವರು ಬರುತ್ತಾರೆ. ಈ ಮೂಲೆಯಲ್ಲಿ ಇವರ ಬೆಂಬಲಿಗರು, ಆ ಗೋಡೆಯ ಹತ್ತಿರ ಅವರ ಬೆಂಬಲಿಗರು. ತಲೆ ಎಣಿಸುತ್ತಾರೆ. ಸೇರಿದ ಜನರಲ್ಲಿ ಶೇಕಡಾ 15 ದಾಟದ ಗುಂಪು ಒಡೆಯಬೇಕು. ತಮಾಷೆ ಶುರುವಾಗೋದೇ ಆಗ. ಹತ್ತು ಜನರ ಸಣ್ಣ ಗುಂಪು ಅನಾಥವಾಗಿ ನಿಂತಿರುತ್ತೆ, ಸುತ್ತ ಎಲ್ಲರೂ ಬನ್ನಿ ಬನ್ನಿ ನಮ್ಮ ಕಡೆ ಅಂತ ಕರೆಯುತ್ತಾರೆ. ಪಕ್ಕದ ಮನೆಯವಳು ಕೈ ಹಿಡಿದು ಎಳೆಯುತ್ತಾಳೆ, ಮಗುವಿನ ಟೀಚರ್ ಇನ್ನೊಂದು ಕಡೆಯಿಂದ ವಾದ ಮಾಡುತ್ತಾರೆ, ಅರ್ಧ ಮನಸ್ಸಿನಿಂದ ಒಬ್ಬ ಆ ಕಡೆ ಎರಡು ಹೆಜ್ಜೆ ಹಾಕಿ ಮತ್ತೆ ನಿಲ್ಲುತ್ತಾನೆ. ಆಮೇಲೆ ಇನ್ನೊಂದು ಸಲ ಎಣಿಕೆ.

ಗುಟ್ಟಿನ ಮತದಾನ ಅನ್ನೋದೇ ಇಲ್ಲ. ಸೊಸೈಟಿ ಸಾಲ ಕೊಡುವವರು, ಕೆಲಸಕ್ಕೆ ಕರೆಯುವವರು, ಹೆಣ್ಣು ಕೊಟ್ಟವರು ಎಲ್ಲರೂ ನೋಡುತ್ತಾ ಇರುವಾಗ ಹಾಗೆ ನಿಲ್ಲೋದು ನಮ್ಮ ಕಡೆ ಸಾಧ್ಯವಾ, ನೀವೇ ಯೋಚನೆ ಮಾಡಿ. ನಮ್ಮ ಗ್ರಾಮಸಭೆಯಲ್ಲಿ ಆಶ್ರಯ ಮನೆಯ ಪಟ್ಟಿ ಓದುವಾಗಲೇ ಬಾಯಿ ಬಿಡದವರು ನಾವು. ಕಾಕಸ್‌ಗೆ ರಾತ್ರಿ ಪಾಳಿಯವರು, ಎಳೆ ಮಕ್ಕಳ ತಾಯಂದಿರು, ವಯಸ್ಸಾದವರು ಬರೋಕೆ ಆಗಲ್ಲ ಅನ್ನುವ ದೂರು ಅಲ್ಲಿಯೂ ಬಹಳ ಕಾಲದಿಂದ ಇತ್ತು. 2016ರಲ್ಲಿ ಅಲ್ಲಿ ಹಿಲರಿಗೆ ಶೇಕಡಾ 49.8, ಸ್ಯಾಂಡರ್ಸ್‌ಗೆ 49.6. ಕೆಲವು ಕಡೆ ಪ್ರತಿನಿಧಿ ಯಾರಿಗೆ ಎಂದು ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು. 2020ರಲ್ಲಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ಲೆಕ್ಕಕ್ಕೆ ದಿನಗಟ್ಟಲೆ ಹಿಡಿಯಿತು. ಎಲ್ಲಾ ರಾಜ್ಯಗಳಿಗಿಂತ ಮೊದಲು ಆರಿಸುವ ಗೌರವ ಅಯೋವಾದ ಕೈತಪ್ಪಿತು, 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಸೌತ್ ಕ್ಯಾರೊಲೈನಾಗೆ ಮೊದಲ ಸರದಿ ಕೊಟ್ಟಿತು.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಟಿಕೆಟ್ ಸಿಗದವರು ಬಂಡಾಯ ನಿಂತು ಪಕ್ಷವನ್ನೇ ಮೂರನೇ ಸ್ಥಾನಕ್ಕೆ ತಳ್ಳಿದರು. ಅಮೆರಿಕದಲ್ಲಿ ಪ್ರೈಮರಿ ಸೋತವರು ಯಾಕೆ ಬಂಡಾಯ ನಿಲ್ಲಲ್ಲ? ಅವರೇನು ಅಷ್ಟು ಒಳ್ಳೆಯವರಾ?
– ಒಬ್ಬ ಕಾರ್ಯಕರ್ತ, ಶಿಕಾರಿಪುರ

ಒಳ್ಳೆಯವರು ಅಂತೇನಿಲ್ಲ, ಕಾನೂನು ಬಿಡಲ್ಲ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ, ಒಂದು ಪಕ್ಷದ ಪ್ರೈಮರಿ ಸೋತವನ ಹೆಸರು ಅದೇ ಚುನಾವಣೆಯ ಮತಪತ್ರದಲ್ಲಿ ಪಕ್ಷೇತರ ಎಂದು ಬರುವ ಹಾಗಿಲ್ಲ.

ನೀವು ಹೇಳುತ್ತಿರುವುದು 2023ರ ವಿಧಾನಸಭಾ ಚುನಾವಣೆಯದ್ದು. ಕಾಂಗ್ರೆಸ್ ಟಿಕೆಟ್ ಗೋಣಿ ಮಾಲತೇಶ್‌ಗೆ ಹೋಯಿತು. ಎಸ್.ಪಿ. ನಾಗರಾಜಗೌಡ ಪಕ್ಷೇತರರಾಗಿ ನಿಂತರು. ಬಿಜೆಪಿಯ ಬಿ.ವೈ. ವಿಜಯೇಂದ್ರ ಗೆದ್ದಿದ್ದು ಸುಮಾರು 11 ಸಾವಿರದ ಅಂತರದಲ್ಲಿ, ಅದೂ ಕಾಂಗ್ರೆಸ್ ಎದುರಲ್ಲ, ನಾಗರಾಜಗೌಡರ ಎದುರು. ಅದೇ ವರ್ಷ ಶಿವಮೊಗ್ಗ ನಗರದಲ್ಲಿ ಬಿಜೆಪಿ ಟಿಕೆಟ್ ಯಾರಿಗೆ ಅನ್ನೋದು ಗೊತ್ತಾಗಿದ್ದು ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಹಿಂದಿನ ರಾತ್ರಿ. ಟಿಕೆಟ್ ಎಸ್.ಎನ್. ಚನ್ನಬಸಪ್ಪ ಅವರಿಗೆ ಬಂತು, ಬಿಜೆಪಿಯಲ್ಲಿದ್ದ ಆಯನೂರು ಮಂಜುನಾಥ್ ಜೆಡಿಎಸ್‌ನಿಂದ ನಿಂತರು. 2024ರ ಲೋಕಸಭೆಗೆ ಮಗನಿಗೆ ಹಾವೇರಿ ಟಿಕೆಟ್ ಸಿಗಲಿಲ್ಲ ಎಂದು ಬಿಜೆಪಿಯ ಕೆ.ಎಸ್. ಈಶ್ವರಪ್ಪ ಶಿವಮೊಗ್ಗದಲ್ಲಿ ತಮ್ಮದೇ ಪಕ್ಷದ ಬಿ.ವೈ. ರಾಘವೇಂದ್ರ ಎದುರು ಪಕ್ಷೇತರರಾಗಿ ನಿಂತರು, ಪಕ್ಷ ಅವರನ್ನು ಆರು ವರ್ಷ ಉಚ್ಚಾಟಿಸಿತು, ಠೇವಣಿಯೂ ಉಳಿಯಲಿಲ್ಲ. ಒಂದು ಬಂಡಾಯ ಎರಡನೇ ಸ್ಥಾನಕ್ಕೆ ಬಂತು, ಇನ್ನೊಂದು ಕರಗಿಹೋಯಿತು. ಮೊದಲೇ ಹೇಳೋಕೆ ಯಾರಿಗೂ ಆಗಿರಲಿಲ್ಲ, ಯಾಕೆಂದರೆ ಮೊದಲು ಯಾರೂ ಎಣಿಸಿರಲಿಲ್ಲ.

ನನ್ನ ಪ್ರಕಾರ ವಿಷಯ ಇರೋದು ಇಲ್ಲೇ. ಸೋಲಿನ ಜೊತೆ ಒಂದು ಸಂಖ್ಯೆ ಕೈಗೆ ಸಿಕ್ಕರೆ ನುಂಗೋಕೆ ಆಗುತ್ತೆ. ಹಿಲರಿ ಬೆಂಬಲಿಗರಿಗೆ ಹೊಟ್ಟೆ ಉರಿಯಿತು, ನಿಯಮ ಸರಿಯಿಲ್ಲ ಎಂದು ಕೂಗಾಡಿದರು, ಆದರೆ ಜೂನ್ ಮೊದಲ ವಾರಕ್ಕೆ ಒಂದು ಲೆಕ್ಕ ಎಲ್ಲರ ಮುಂದೆ ಇತ್ತು. ನಮ್ಮಲ್ಲಿ ಟಿಕೆಟ್ ಸಿಗದವನಿಗೆ ತಾನು ಎಷ್ಟರಲ್ಲಿ ಸೋತೆ, ಯಾರ ಮುಂದೆ ಸೋತೆ, ಸೋತೆನಾ ಇಲ್ಲವಾ ಅನ್ನೋದೇ ಗೊತ್ತಾಗಲ್ಲ. ಸಮೀಕ್ಷೆಯಲ್ಲಿ ನಿಮ್ಮ ಹೆಸರು ಇರಲಿಲ್ಲ ಅನ್ನುತ್ತಾರೆ. ಯಾರ ಸಮೀಕ್ಷೆ, ಯಾವ ಊರಿನಲ್ಲಿ, ತೋರಿಸಿ ಅಂದರೆ ತೋರಿಸಲ್ಲ. ಜಾತಿ ಲೆಕ್ಕ ಅನ್ನುತ್ತಾರೆ, ದುಡ್ಡು ಅನ್ನುತ್ತಾರೆ, ದೆಹಲಿಯಲ್ಲಿ ಯಾರೋ ಅಡ್ಡಗಾಲು ಹಾಕಿದರು ಅನ್ನುತ್ತಾರೆ. ಆಗ ಅವನು ಎಣಿಸಿಕೊಳ್ಳೋಕೆ ಇರುವ ಒಂದೇ ದಾರಿ ಪಕ್ಷೇತರನಾಗಿ ನಿಲ್ಲೋದು. ಬೆಂಬಲಿಗರಂತೂ ಅದಕ್ಕೇ ಕಾದಿರುತ್ತಾರೆ. ನಿಂತು ತೋರಿಸಿ ಅಣ್ಣಾ, ನಾವಿದ್ದೀವಿ!

ಕೆಲಸ ಎಲ್ಲಾ ನಿಂತಿರೋದು ಬಿ ಫಾರಂ ಎಂಬ ಒಂದು ಹಾಳೆಯ ಮೇಲೆ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಹಾಳೆ ಚುನಾವಣಾಧಿಕಾರಿಯ ಕೈ ಸೇರಬೇಕು. ಸೇರದಿದ್ದರೆ ಪಕ್ಷದ ಚಿಹ್ನೆ ಇಲ್ಲ. ಅದಕ್ಕೇ ಆ ದಿನ ತಾಲ್ಲೂಕು ಕಚೇರಿಯ ಮುಂದೆ ಎಲ್ಲರ ಕಣ್ಣೂ ರಸ್ತೆಯ ಕಡೆಗೇ.

ಪ್ರಶ್ನೆ: ನಮ್ಮಲ್ಲಿ ಯಾವ ಪಕ್ಷವೂ ಪ್ರೈಮರಿ ಮಾಡಿಯೇ ಇಲ್ಲವಾ?
– ಕಾರ್ಖಾನೆಯ ನಿವೃತ್ತ ನೌಕರ, ಭದ್ರಾವತಿ

ಮಾಡಿದ್ದಾರೆ. 2014ರ ಲೋಕಸಭೆಗೆ ಕಾಂಗ್ರೆಸ್ ದೇಶದ ಕೆಲವು ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಓಟು ಇದ್ದಿದ್ದು ಪಕ್ಷದ ಪದಾಧಿಕಾರಿಗಳು, ಚುನಾಯಿತರು ಇಂಥವರಿಗೆ, ಊರಿನ ಜನರಿಗಲ್ಲ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದು ಅಭ್ಯರ್ಥಿಗಳಾದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಆ ವರ್ಷ ಕಾಂಗ್ರೆಸ್ ದೇಶದ ಬಹಳ ಕಡೆ ಸೋತಿತ್ತು, ಹಾಗಾಗಿ ತಪ್ಪು ಪ್ರೈಮರಿಯದು ಎಂದು ನಾನು ಹೇಳಲ್ಲ. 2023ಕ್ಕೆ ಮುಂಚೆ ಬಿಜೆಪಿಯೂ ಜಿಲ್ಲೆಗಳಲ್ಲಿ ಪದಾಧಿಕಾರಿಗಳ ಕೈಯಲ್ಲಿ ಚೀಟಿ ಬರೆಸಿ ಡಬ್ಬಿಗೆ ಹಾಕಿಸಿಕೊಂಡಿತು. ಡಬ್ಬಿ ಬೆಂಗಳೂರಿಗೆ ಹೋಯಿತು. ಒಳಗೆ ಯಾರಿಗೆ ಎಷ್ಟು ಬಿತ್ತು ಅನ್ನೋದು ಹೊರಗೆ ಬರಲಿಲ್ಲ. ಅದೇ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಅರ್ಜಿಗೆ 5 ಸಾವಿರ ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರಿಂದ 2 ಲಕ್ಷದ ಡಿಡಿ ತಗೊಂಡಿತ್ತು. ದುಡ್ಡಿನ ರಸೀದಿ ಸಿಕ್ಕಿತು, ಓಟಿನ ಲೆಕ್ಕ ಸಿಗಲಿಲ್ಲ.

ಆದರೆ ನಮ್ಮಲ್ಲಿ ಒಂದು ಥರದ ಪ್ರೈಮರಿ ಐದು ವರ್ಷಕ್ಕೊಮ್ಮೆ ನಡೆಯುತ್ತೆ, ನಾವು ಗಮನಿಸಿಲ್ಲ ಅಷ್ಟೇ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಒಂದೇ ಪಕ್ಷದ ಇಬ್ಬರು ಒಂದೇ ವಾರ್ಡಿನಲ್ಲಿ ಒಬ್ಬರಿಗೊಬ್ಬರು ಎದುರು ನಿಲ್ಲುತ್ತಾರೆ, ಸಾಮಾನ್ಯವಾಗಿ ಅಣ್ಣ-ತಮ್ಮಂದಿರ ಮಕ್ಕಳೇ ಇರುತ್ತಾರೆ. ಗೆದ್ದವನನ್ನು ಎರಡೂ ಪಕ್ಷದವರು ನಮ್ಮವನು ಎಂದು ಹಾರ ಹಾಕಿ ಫೋಟೋ ತೆಗೆಸುತ್ತಾರೆ. ಇದರಲ್ಲಿ ಗೆದ್ದು ಮೇಲೆ ಬಂದವರು ನಮ್ಮ ತಾಲ್ಲೂಕುಗಳಲ್ಲಿ ಕಮ್ಮಿ ಇಲ್ಲ.

ಪ್ರಶ್ನೆ: ನಂದು ಹೋಟೆಲ್. ಒಂದೇ ಪಕ್ಷದ ಎರಡು ಬಣದವರು ಬೆಳಿಗ್ಗೆ ಒಂದೊಂದು ಟೀ ಹೇಳಿ ಎರಡು ಗಂಟೆ ಕೂತು ಕೂಗಾಡುತ್ತಾರೆ. ತಿಂಡಿಗೆ ಬಂದವರು ವಾಪಸ್ ಹೋಗುತ್ತಾರೆ. ಬೈದರೆ ಗಿರಾಕಿ ಹೋಗುತ್ತೆ. ಏನು ಮಾಡಲಿ?
– ಹೋಟೆಲ್ ಮಾಲೀಕ, ರಿಪ್ಪನ್‌ಪೇಟೆ

ಇಂಥವರನ್ನು ಎದುರುಬದುರು ಕೂರಿಸಬೇಡಿ. ಪಕ್ಕ ಪಕ್ಕ ಕೂರಿಸಿ. ಎದುರು ಕೂತವನ ಮುಖ ನೋಡಿ ಕೂಗುವಷ್ಟು ಪಕ್ಕದವನ ಕಿವಿಗೆ ಕೂಗೋಕೆ ಆಗಲ್ಲ. ಇನ್ನೊಂದು, ಅವರು ಹೇಳಿದ್ದನ್ನು ಬರೆದಿಡಿ. ನಿಮ್ಮವರಿಗೆ ಎಷ್ಟು ಬೂತಿನಲ್ಲಿ ಲೀಡ್ ಬರುತ್ತೆ ಸ್ವಾಮಿ, ಇಲ್ಲಿ ಕ್ಯಾಲೆಂಡರ್ ಹಿಂದೆ ಬರೆದು ಸಹಿ ಮಾಡಿ ಅನ್ನಿ. ಸಹಿ ಅಂದ ತಕ್ಷಣ ದನಿ ಇಳಿಯುತ್ತೆ. ಇಬ್ಬರೂ ಸೇರಿ ಎದುರು ಪಕ್ಷದವರನ್ನು ಬೈಯೋಕೆ ಶುರು ಮಾಡಿದರೆ ಮಾತ್ರ ನನ್ನ ಹತ್ತಿರ ಔಷಧ ಇಲ್ಲ, ಅದು ಮಧ್ಯಾಹ್ನದ ಊಟದ ತನಕ ಹೋಗುತ್ತೆ. ಟೀ ಜೊತೆಗೆ ಮಸಾಲೆ ಮಂಡಕ್ಕಿ ಇಡಿ, ವ್ಯಾಪಾರವಾದರೂ ಆಗಲಿ.

ಪ್ರಶ್ನೆ: ಇಷ್ಟೆಲ್ಲಾ ಬರೆಯುತ್ತೀರಲ್ಲ, 2008ರಲ್ಲಿ ನೀವು ಯಾರ ಕಡೆ?
– ಓದುಗ, ಕೊಪ್ಪ

ಮೊದಲು ನೀವು ಹೇಳಿ!

ಪ್ರಶ್ನೆ: ಅಮೆರಿಕದ ಒಂದು ಹಳ್ಳಿಯಲ್ಲಿ ರಾತ್ರಿ ಹನ್ನೆರಡಕ್ಕೇ ಓಟು ಹಾಕುತ್ತಾರಂತೆ. ಅಪ್ಪ ಸುಳ್ಳು ಅನ್ನುತ್ತಾರೆ.
– ಹೈಸ್ಕೂಲ್ ವಿದ್ಯಾರ್ಥಿನಿ, ಶೃಂಗೇರಿ

ಅಪ್ಪನಿಗೆ ಇದನ್ನು ಓದಿ ಹೇಳಮ್ಮ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಬೆಟ್ಟದ ಕಡೆ ಡಿಕ್ಸ್‌ವಿಲ್ ನಾಚ್ ಎಂಬ ಪುಟ್ಟ ಊರು. 1960ರಿಂದ ಅಲ್ಲಿ ಮತದಾನದ ದಿನ ಶುರುವಾಗುವ ಮಧ್ಯರಾತ್ರಿಗೇ ಎಲ್ಲರೂ ಬಂದು ಓಟು ಹಾಕಿ, ಎಣಿಸಿ, ಫಲಿತಾಂಶ ಹೇಳಿಬಿಡುತ್ತಾರೆ. 2024ರ ಜನವರಿಯ ರಿಪಬ್ಲಿಕನ್ ಪ್ರೈಮರಿಯಲ್ಲಿ ಅಲ್ಲಿ ಇದ್ದಿದ್ದು ಆರೇ ಓಟು. ಆರೂ ನಿಕಿ ಹೇಲಿಗೆ ಬಿತ್ತು, ಟ್ರಂಪ್‌ಗೆ ಒಂದೂ ಇಲ್ಲ. ರಾಜ್ಯದಲ್ಲಿ ಗೆದ್ದಿದ್ದು ಟ್ರಂಪ್. ಅದೇ ವರ್ಷ ನವೆಂಬರ್‌ನ ದೊಡ್ಡ ಚುನಾವಣೆಗೂ ಆರು ಜನ ಬಂದರು: ಟ್ರಂಪ್‌ಗೆ ಮೂರು, ಕಮಲಾ ಹ್ಯಾರಿಸ್‌ಗೆ ಮೂರು.